ಪಾರಿವಾಳದ ಕಾಲಿಗೆ ಪ್ಯಾಕೆಟ್ ಕಟ್ಟಿದ ಎಂಜಿನಿಯರ್‌ಗಳು

ಓದುಗರ ಪ್ರಶ್ನೆ: ಇಂಟರ್ನೆಟ್ ಹೇಗೆ ಕೆಲಸ ಮಾಡಬೇಕೆಂದು ಹೇಳುವ ದಾಖಲೆಗಳ ಸಾಲಿನಲ್ಲಿಯೇ, ಪಾರಿವಾಳದ ಕಾಲಿಗೆ ಡೇಟಾ ಕಟ್ಟಿ ಕಳಿಸುವ ವಿಧಾನವನ್ನು ವಿವರಿಸುವ ದಾಖಲೆಯೂ ಇದೆಯಂತೆ. ಇದು ನಿಜವೇ? ನಿಜವಾದರೆ, ಅಷ್ಟು ಜವಾಬ್ದಾರಿಯ ಕೆಲಸದಲ್ಲಿರುವ ಎಂಜಿನಿಯರ್‌ಗಳು ಇಂಥ ತಮಾಷೆಯನ್ನು ಅಲ್ಲಿ ಏಕೆ ಸೇರಿಸಿದರು?

ಉತ್ತರ: ನಿಜ. ಆ ದಾಖಲೆಯ ಹೆಸರು ಆರ್‌ಎಫ್‌ಸಿ 1149. ಪ್ರಕಟವಾದದ್ದು 1990ರ ಏಪ್ರಿಲ್ 1ರಂದು. ಬರೆದವರು ಡೇವಿಡ್ ವೈಟ್ಜ್‌ಮನ್. ಅವರು ಆಗ ಅಮೆರಿಕದ ಕೇಂಬ್ರಿಜ್ ಊರಿನ ಬಿಬಿಎನ್ ಸಂಸ್ಥೆಯಲ್ಲಿದ್ದರು. ಇಂಟರ್ನೆಟ್ಟಿಗೆ ತಾಯಿಬೇರಾದ ಅರ್ಪಾನೆಟ್‌ನ ಮೊದಲ ಪ್ಯಾಕೆಟ್ ಸ್ವಿಚ್‌ಗಳನ್ನು, ಅಂದರೆ ಡೇಟಾದ ತುಂಡುಗಳನ್ನು (ಪ್ಯಾಕೆಟ್) ದಾರಿಗೆ ಹಚ್ಚುವ ಯಂತ್ರಗಳನ್ನು, ಕಟ್ಟಿಕೊಟ್ಟದ್ದು ಅದೇ ಸಂಸ್ಥೆ. ಹಾಗಾಗಿ ಇದು ಹೊರಗಿನವರು ಮಾಡಿದ ಗೇಲಿಯಲ್ಲ, ಮನೆಯವರೇ ಮನೆಯ ಕಟ್ಟಡವನ್ನು ಒಳಗಿನಿಂದ ತಟ್ಟಿ ನೋಡಿದ್ದು. ಹಲವು ವರ್ಷಗಳಿಂದ ನೆಟ್‌ವರ್ಕಿಂಗ್ ಪಾಠ ಹೇಳುತ್ತಿರುವ ನನಗೆ ಎರಡೇ ಪುಟದ ಈ ದಾಖಲೆ ಬಹಳ ಪ್ರಿಯವಾದದ್ದು, ಮತ್ತು ಇದನ್ನು ಬರಿಯ ತಮಾಷೆಯೆಂದು ಬದಿಗಿಟ್ಟವರು ಒಂದು ಒಳ್ಳೆಯ ಪಾಠವನ್ನು ಕಳೆದುಕೊಳ್ಳುತ್ತಾರೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಆರ್‌ಎಫ್‌ಸಿ ಎಂಬುದರ ಪೂರ್ಣ ರೂಪಕ್ಕೆ ಕನ್ನಡದಲ್ಲಿ ‘ಅಭಿಪ್ರಾಯ ಕೋರಿಕೆ’ ಎನ್ನಬಹುದು. ಇದರ ಮೊದಲ ಸಂಖ್ಯೆಯನ್ನು 1969ರ ಏಪ್ರಿಲ್ 7ರಂದು ಹೊರತಂದವರು ಆಗಿನ್ನೂ ವಿದ್ಯಾರ್ಥಿಯಾಗಿದ್ದ ಸ್ಟೀವ್ ಕ್ರಾಕರ್. ದೊಡ್ಡವರ ಅಧಿಕಾರವನ್ನು ತಾವು ಕೈಗೆತ್ತಿಕೊಂಡಂತೆ ಕಾಣಬಾರದೆಂದೇ ಅವರು ಇಷ್ಟು ವಿನಯದ ಹೆಸರನ್ನಿಟ್ಟರು. ಆ ಸಾಲಿನಲ್ಲಿ ಪ್ರಕಟವಾದದ್ದೆಲ್ಲ ಮಾನದಂಡವಲ್ಲ. ಕೆಲವು ಮಾಹಿತಿಗಾಗಿ, ಕೆಲವು ಪ್ರಯೋಗಕ್ಕಾಗಿ ಬಂದವು. ಪಾರಿವಾಳದ ದಾಖಲೆಯ ಶೀರ್ಷಿಕೆಯಲ್ಲಿ ಮಾನದಂಡವೆಂಬ ಪದವಿದ್ದರೂ, ಅದಕ್ಕೆ ಸಿಕ್ಕಿರುವ ದರ್ಜೆ ‘ಪ್ರಾಯೋಗಿಕ’ ಎಂಬುದು ಮಾತ್ರ. ಏಪ್ರಿಲ್ 1ರಂದು ಇಂಥ ತಮಾಷೆಯ ದಾಖಲೆ ಹೊರತರುವ ಪದ್ಧತಿಯೂ ವೈಟ್ಜ್‌ಮನ್ ಅವರಿಂದ ಆರಂಭವಾದದ್ದಲ್ಲ. 1978ರ ಏಪ್ರಿಲ್ 1ರಂದೇ ಮಾರ್ಕ್ ಕ್ರಿಸ್ಪಿನ್ ಅವರು, ದೂರದ ಕಂಪ್ಯೂಟರನ್ನು ಬಳಸಲು ನೆರವಾಗುವ ಟೆಲ್ನೆಟ್ ಸಂಪರ್ಕದಲ್ಲಿ ಬೇಕೆಂದಾಗ ಡೇಟಾವನ್ನು ಮನಬಂದಂತೆ ಕಳೆದುಹಾಕಲು ಎರಡೂ ಕಡೆಯವರು ಒಪ್ಪಿಕೊಳ್ಳುವ ವಿಧಾನವನ್ನು ಆರ್‌ಎಫ್‌ಸಿ 748ರಲ್ಲಿ ಅಚ್ಚುಕಟ್ಟಾಗಿ ವಿವರಿಸಿದ್ದರು.

ಈಗ ಪಾರಿವಾಳದ ವಿಷಯಕ್ಕೆ ಬರೋಣ. ದಾಖಲೆ ಹೇಳುವ ವಿಧಾನ ಹೀಗಿದೆ: ಐಪಿ (ಇಂಟರ್ನೆಟ್ಟಿನ ಮೂಲ ಸಾಗಣೆ ನಿಯಮ) ಡೇಟಾಗ್ರಾಂ ಅನ್ನು, ಅಂದರೆ ಇಂಟರ್ನೆಟ್ಟಿನಲ್ಲಿ ಓಡಾಡುವ ಡೇಟಾದ ಒಂದು ಲಕೋಟೆಯನ್ನು, ಹೆಕ್ಸಾಡೆಸಿಮಲ್ (ಹದಿನಾರರ ಲೆಕ್ಕದ) ಅಂಕಿಗಳಲ್ಲಿ ಸಣ್ಣ ಕಾಗದದ ಸುರುಳಿಯ ಮೇಲೆ ಮುದ್ರಿಸಬೇಕು, ಸುರುಳಿಯನ್ನು ಹಕ್ಕಿಯ ಒಂದು ಕಾಲಿಗೆ ಸುತ್ತಿ ಅಂಟುಪಟ್ಟಿಯಿಂದ ಭದ್ರಪಡಿಸಬೇಕು, ಹಕ್ಕಿ ತಲುಪಿದ ಮೇಲೆ ಪಟ್ಟಿಯನ್ನು ಬಿಡಿಸಿ, ಕಾಗದವನ್ನು ಸ್ಕ್ಯಾನ್ ಮಾಡಿ, ಮತ್ತೆ ಕಂಪ್ಯೂಟರಿಗೆ ಒಪ್ಪಿಸಬೇಕು. ಒಮ್ಮೆಗೆ ಸಾಗಿಸಬಹುದಾದ ಗರಿಷ್ಠ ಅಳತೆಯನ್ನು ಬೇರೆ ದಾಖಲೆಗಳು ಬೈಟ್‌ಗಳಲ್ಲಿ ಹೇಳಿದರೆ, ಇಲ್ಲಿ ಅದು ಸಾಮಾನ್ಯವಾಗಿ 256 ಮಿಲಿಗ್ರಾಂ. ನೆಟ್‌ವರ್ಕಿನಲ್ಲಿ ತಾನಾಗಿಯೇ ಹರಡುವ ಹಾನಿಕಾರಕ ಪ್ರೋಗ್ರಾಂಗೆ ‘ವರ್ಮ್’ ಎನ್ನುತ್ತಾರಷ್ಟೆ, ಎಂದರೆ ಹುಳು. ಈ ವಾಹಕಕ್ಕೆ ಹುಳುಗಳನ್ನು ಪತ್ತೆಹಚ್ಚಿ ನಿರ್ಮೂಲ ಮಾಡುವ ಶಕ್ತಿ ಹುಟ್ಟಿನಿಂದಲೇ ಬಂದಿದೆ ಎಂದು ದಾಖಲೆ ಹೇಳುತ್ತದೆ. 1988ರ ನವೆಂಬರ್‌ನಲ್ಲಿ ಮಾರಿಸ್ ವರ್ಮ್ ಇಂಟರ್ನೆಟ್ಟನ್ನು ತತ್ತರಿಸುವಂತೆ ಮಾಡಿ ಒಂದೂವರೆ ವರ್ಷವೂ ಆಗಿರದಿದ್ದ ಕಾಲದಲ್ಲಿ, ಆ ವಾಕ್ಯ ಓದಿದವರಿಗೆ ನಗುವಿನ ಜೊತೆಗೆ ಹಳೆಯ ನೋವೂ ನೆನಪಾಗಿರಬೇಕು.

ಆದರೆ ಇದರ ನಿಜವಾದ ಚಮತ್ಕಾರ ಶ್ಲೇಷೆಯಲ್ಲಿಲ್ಲ, ಶೀರ್ಷಿಕೆಯಲ್ಲಿದೆ. 1984ರ ಆರ್‌ಎಫ್‌ಸಿ 894ರ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳುವುದಾದರೆ ‘ಈಥರ್ನೆಟ್ ಜಾಲಗಳ ಮೇಲೆ ಐಪಿ ಡೇಟಾಗ್ರಾಂಗಳ ಸಾಗಣೆಗೆ ಒಂದು ಮಾನದಂಡ’ ಎಂದಾಗುತ್ತದೆ. ಈಥರ್ನೆಟ್ ಎಂದರೆ ಹತ್ತಿರದ ಕಂಪ್ಯೂಟರ್‌ಗಳನ್ನು ತಂತಿಯಿಂದ ಜೋಡಿಸುವ ವಿಧಾನ. ಆರ್‌ಎಫ್‌ಸಿ 1149 ಅದೇ ಶೀರ್ಷಿಕೆಯನ್ನು ತೆಗೆದುಕೊಂಡು ಈಥರ್ನೆಟ್ ಇದ್ದ ಜಾಗದಲ್ಲಿ ಹಕ್ಕಿಯನ್ನು ಕೂರಿಸಿತು. ಹಾಗೆ ಕೂರಿಸಿದರೂ ಏನೂ ಮುರಿಯಲಿಲ್ಲವೆಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಪತ್ರ ಬರೆದವರಿಗೂ ಪಡೆದವರಿಗೂ ಅದು ಹರಿಕಾರನ ಹೆಗಲ ಮೇಲೆ ಬಂತೋ, ಬಸ್ಸಿನಲ್ಲಿ ಬಂತೋ ಎಂಬುದು ಹೇಗೆ ಮುಖ್ಯವಲ್ಲವೋ, ಹಾಗೆಯೇ ಐಪಿಗೂ ತನ್ನ ಕೆಳಗಿರುವ ಮಾಧ್ಯಮ ತಾಮ್ರದ ತಂತಿಯೋ, ರೇಡಿಯೋ ಅಲೆಯೋ, ರೆಕ್ಕೆಯೋ ಎಂಬುದು ಮುಖ್ಯವಲ್ಲ. ಅದು ಕೊಡುವ ಭರವಸೆಯೂ ಬಹಳ ಸಣ್ಣದು: ತಲುಪಿಸಲು ಪ್ರಯತ್ನಿಸುತ್ತೇನೆ, ದಾರಿಯಲ್ಲಿ ಕಳೆದುಹೋದರೆ ಮೇಲಿನ ಪದರದವರು, ಅಂದರೆ ನನ್ನನ್ನು ಬಳಸಿಕೊಳ್ಳುವ ಪ್ರೋಗ್ರಾಂಗಳು, ನೋಡಿಕೊಳ್ಳಲಿ. ಗಿಡುಗ ಹಿಡಿದ ಪಾರಿವಾಳವೂ ದಟ್ಟಣೆಯಲ್ಲಿ ರೂಟರ್ (ಜಾಲದಿಂದ ಜಾಲಕ್ಕೆ ದಾಟಿಸುವ ಯಂತ್ರ) ಕೈಬಿಟ್ಟ ಪ್ಯಾಕೆಟ್ಟೂ ಐಪಿಯ ಲೆಕ್ಕದಲ್ಲಿ ಒಂದೇ. ಹಳಗನ್ನಡದಲ್ಲಿ ‘ಅಂಚೆ’ ಎಂದರೆ ಹಂಸ ಎಂಬ ಅರ್ಥವೂ ಉಂಟು. ಟಪಾಲಿಗೂ ಹಕ್ಕಿಗೂ ಒಂದೇ ಪದವನ್ನು ಇಟ್ಟುಕೊಂಡಿರುವ ನಮಗೆ ಈ ಕಲ್ಪನೆ ಬೇರೆಯವರಿಗಿಂತ ಬೇಗ ಒಗ್ಗಬೇಕು.

ಹನ್ನೊಂದು ವರ್ಷಗಳ ನಂತರ ಇದನ್ನು ಮಾಡಿಯೇ ನೋಡಿದರು. 2001ರ ಏಪ್ರಿಲ್ 28ರಂದು ನಾರ್ವೆಯ ಬರ್ಗೆನ್ ನಗರದ ಲಿನಕ್ಸ್ ಬಳಕೆದಾರರ ಬಳಗವು ಅಲ್ಲಿನ ಪಾರಿವಾಳ ಸಾಕಣೆಗಾರರ ಸಂಘದ ಜೊತೆ ಸೇರಿ, ಸುಮಾರು 5 ಕಿಲೋಮೀಟರ್ ಅಂತರದ ಎರಡು ಕಂಪ್ಯೂಟರ್‌ಗಳ ನಡುವೆ ಪಿಂಗ್ ಕಳಿಸಿತು. ಪಿಂಗ್ ಎಂದರೆ ‘ಇದ್ದೀಯಾ?’ ಎಂದು ಕೇಳಿ ‘ಇದ್ದೇನೆ’ ಎಂಬ ಉತ್ತರಕ್ಕೆ ಕಾಯುವ ಅತಿ ಸರಳ ವ್ಯವಹಾರ. ಟಪಾಲು ಪಾರಿವಾಳ ತನ್ನ ಗೂಡಿನ ಕಡೆಗೆ ಮಾತ್ರ ಹಾರುತ್ತದೆ, ಆದ್ದರಿಂದ ಪ್ರಶ್ನೆಗೆ ಒಂದು ಗೂಡಿನ ಹಕ್ಕಿ, ಉತ್ತರಕ್ಕೆ ಇನ್ನೊಂದು ಗೂಡಿನ ಹಕ್ಕಿ ಬೇಕು. ಹೋದದ್ದು 9 ಪ್ಯಾಕೆಟ್. ಉತ್ತರ ಬಂದದ್ದು 4ಕ್ಕೆ. ನಷ್ಟ ಶೇಕಡಾ 55. ಅತಿ ಬೇಗ ಬಂದ ಉತ್ತರಕ್ಕೆ ಸುಮಾರು 53 ನಿಮಿಷ, ಅತಿ ತಡವಾದದ್ದಕ್ಕೆ 106 ನಿಮಿಷ ಹಿಡಿಯಿತು. ಪಿಂಗ್ ಪ್ರೋಗ್ರಾಂ ತನ್ನ ಎಂದಿನ ವಾಡಿಕೆಯಂತೆ ಇದನ್ನೆಲ್ಲ ಮಿಲಿಸೆಕೆಂಡ್‌ಗಳಲ್ಲಿ ತೋರಿಸಿತು: ಸರಾಸರಿ 5222806.6. ಆ ಸಂಖ್ಯೆಯನ್ನು ಮೊದಲ ಬಾರಿ ನೋಡಿದಾಗ ನನಗೆ ಆದ ಸಂತೋಷ ಇಂದಿಗೂ ಕಡಿಮೆಯಾಗಿಲ್ಲ, ಏಕೆಂದರೆ ಪ್ರೋಗ್ರಾಂಗೆ ತನ್ನ ಕೆಳಗೆ ಹಕ್ಕಿಯಿದೆ ಎಂಬುದು ಕೊನೆಯವರೆಗೂ ತಿಳಿಯಲೇ ಇಲ್ಲ, ತಿಳಿಯುವ ಅಗತ್ಯವೂ ಬೀಳಲಿಲ್ಲ.

ತರಗತಿಯಲ್ಲಿ ನಾನು ವಿದ್ಯಾರ್ಥಿಗಳ ಕೈಗೆ ಉದ್ದನೆಯ ಕಾಗದದ ಪಟ್ಟಿಯೊಂದನ್ನು ಕೊಟ್ಟು, ಇಂಥ ಒಂದು ಪಿಂಗ್ ಪ್ಯಾಕೆಟ್ಟನ್ನು ಕೈಯಾರೆ ಬರೆಯಲು ಹೇಳುತ್ತೇನೆ. ವಿಳಾಸ ಮುಂತಾದವು ಇರುವ 20 ಬೈಟ್ ಶಿರೋಭಾಗ, 64 ಬೈಟ್ ಒಳಗಿನ ಸರಕು, ಒಟ್ಟು 84 ಬೈಟ್, ಅಂದರೆ 168 ಹೆಕ್ಸಾಡೆಸಿಮಲ್ ಅಂಕಿಗಳು. ಮೊದಲ ಬೈಟ್ 45: ಇದರಲ್ಲಿ 4 ಎಂಬುದು ಐಪಿಯ ನಾಲ್ಕನೇ ಆವೃತ್ತಿ, 5 ಎಂಬುದು ಶಿರೋಭಾಗದಲ್ಲಿ ನಾಲ್ಕು ಬೈಟ್‌ಗಳ ಐದು ತುಂಡುಗಳಿವೆ ಎಂಬ ಸೂಚನೆ. ಹೀಗೆ ಬರೆಯುತ್ತ ಒಂಬತ್ತನೆಯ ಬೈಟ್‌ಗೆ ಬಂದಾಗ ಟಿಟಿಎಲ್ ಎದುರಾಗುತ್ತದೆ, ಅಂದರೆ ಪ್ಯಾಕೆಟ್ಟಿನ ಆಯುಷ್ಯ. ಒಂದು ಬೈಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 255. ಐಪಿಯನ್ನು ವಿಧಿಸಿದ 1981ರ ಆರ್‌ಎಫ್‌ಸಿ 791 ಈ ಆಯುಷ್ಯವನ್ನು ಅಳೆಯುವುದು ಸೆಕೆಂಡುಗಳಲ್ಲಿ, ಹಾಗಾಗಿ ಯಾವ ಪ್ಯಾಕೆಟ್ಟೂ ಜಾಲದಲ್ಲಿ 4 ನಿಮಿಷ 15 ಸೆಕೆಂಡಿಗಿಂತ ಹೆಚ್ಚು ಕಾಲ ಬದುಕಿರಬಾರದು. ಬರ್ಗೆನ್‌ನ ಉತ್ತರಗಳು ಬಂದದ್ದು ಸುಮಾರು ಒಂದರಿಂದ ಎರಡು ಗಂಟೆ ತಡವಾಗಿ, ಆದರೂ ಅವುಗಳ ಆಯುಷ್ಯದ ಅಂಕಿ 255ರಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ಕಾರಣವಿಷ್ಟೆ: ಬಳಕೆಯಲ್ಲಿ ಯಾರೂ ಸೆಕೆಂಡುಗಳನ್ನು ಎಣಿಸುವುದಿಲ್ಲ, ಪ್ಯಾಕೆಟ್ ಒಂದೊಂದು ರೂಟರ್ ದಾಟಿದಾಗಲೂ ಒಂದನ್ನು ಕಳೆಯುತ್ತಾರೆ, ಮತ್ತು ಆ ಎರಡು ಗೂಡುಗಳ ನಡುವೆ ರೂಟರ್ ಇರಲಿಲ್ಲ. ಐಪಿಯ ಆರನೇ ಆವೃತ್ತಿಯಲ್ಲಿ ಈ ಅಂಕಣದ ಹೆಸರನ್ನೇ ಬದಲಿಸಿ ‘ಜಿಗಿತಗಳ ಮಿತಿ’ ಎಂದಿಟ್ಟರು. ವಿಧಿಗೂ ಬಳಕೆಗೂ ನಡುವಿನ ಈ ಬಿರುಕು ವೇಗದ ತಂತಿಗಳ ಮೇಲೆ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕಾಣಿಸಲು ಹಕ್ಕಿಯಷ್ಟು ನಿಧಾನವಾದ ವಾಹಕವೇ ಬೇಕಾಯಿತು.

ಅದೇ ಕಾಗದದ ಪಟ್ಟಿಯ ಏಳನೆಯ ಬೈಟ್‌ನಲ್ಲಿ ಇನ್ನೊಂದು ತಮಾಷೆ ಅಡಗಿದೆ. ಆ ಬೈಟ್‌ನ ಮೊದಲ ಬಿಟ್, ಅಂದರೆ 0 ಅಥವಾ 1 ಮಾತ್ರ ಹಿಡಿಸುವ ಜಾಗ, ಶಿರೋಭಾಗದಲ್ಲಿ ಯಾವ ಕೆಲಸಕ್ಕೂ ಬಳಕೆಯಾಗದೆ ಉಳಿದಿತ್ತು. 2003ರ ಏಪ್ರಿಲ್ 1ರಂದು ಸ್ಟೀವನ್ ಬೆಲೋವಿನ್ ಅವರು ಆರ್‌ಎಫ್‌ಸಿ 3514ರಲ್ಲಿ ಅದಕ್ಕೊಂದು ಕೆಲಸ ಹಚ್ಚಿದರು: ಕೆಟ್ಟ ಉದ್ದೇಶದ ಪ್ಯಾಕೆಟ್ ಕಳಿಸುವವರು ಆ ಬಿಟ್ಟನ್ನು 1 ಮಾಡಬೇಕು, ಒಳ್ಳೆಯವರು 0 ಬಿಡಬೇಕು, ಜಾಲದ ಬಾಗಿಲು ಕಾಯುವ ಫೈರ್‌ವಾಲ್‌ಗಳು 1 ಇದ್ದದ್ದನ್ನೆಲ್ಲ ತಡೆಯಬೇಕು. ಕಳ್ಳನೇ ಹಣೆಯ ಮೇಲೆ ಕಳ್ಳನೆಂದು ಬರೆದುಕೊಂಡು ಬಂದರೆ ಕಾವಲುಗಾರನ ಕೆಲಸ ಎಷ್ಟು ಸುಲಭವೋ ಅಷ್ಟೇ ಸುಲಭ ಇದು. ಬೆಲೋವಿನ್ ಫೈರ್‌ವಾಲ್‌ಗಳ ಬಗ್ಗೆ ಪ್ರಮಾಣಗ್ರಂಥ ಬರೆದವರಲ್ಲಿ ಒಬ್ಬರು, ಆದ್ದರಿಂದ ಅವರ ಮಾತಿಗೆ ತೂಕವಿದೆ. ಪ್ಯಾಕೆಟ್ ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ, ಎಷ್ಟು ಉದ್ದವಿದೆ ಎಂಬುದೆಲ್ಲ ಅದರ ಮೇಲೆಯೇ ಬರೆದಿರುತ್ತದೆ. ಉದ್ದೇಶವೊಂದನ್ನು ಮಾತ್ರ ಯಾವ ಅಂಕಣದಲ್ಲೂ ಬರೆಯಲಾಗದು. ಭದ್ರತೆಯ ಮೇಲೆ ಖರ್ಚಾಗುವ ಶ್ರಮವೆಲ್ಲ ಆ ಒಂದು ಬಿಟ್ಟನ್ನು ಊಹಿಸುವುದಕ್ಕಾಗಿಯೇ ಆಗುತ್ತಿದೆ.

ಇಂಥದೇ ಇನ್ನೊಂದು ದಾಖಲೆಯಾದ ಟೀ ಪಾತ್ರೆಯ ಕತೆ ಬಹಳ ಜನರಿಗೆ ಗೊತ್ತಿರುವುದರಿಂದ ಚಿಕ್ಕದಾಗಿ ಹೇಳುತ್ತೇನೆ. 1998ರಲ್ಲಿ ಲ್ಯಾರಿ ಮ್ಯಾಸಿಂಟರ್ ಅವರು ಕಾಫಿ ಯಂತ್ರಗಳನ್ನು ಜಾಲದ ಮೂಲಕ ನಿಯಂತ್ರಿಸುವ ಪ್ರೋಟೋಕಾಲ್ (ಸಂವಹನದ ನಿಯಮಾವಳಿ) ಒಂದನ್ನು ಆರ್‌ಎಫ್‌ಸಿ 2324ರಲ್ಲಿ ಬರೆದರು. ಟೀ ಪಾತ್ರೆಗೆ ಕಾಫಿ ಮಾಡಲು ಹೇಳಿದರೆ ಅದು ‘418, ನಾನು ಟೀ ಪಾತ್ರೆ’ ಎಂದು ಉತ್ತರಿಸಬೇಕು. ವೆಬ್ ಪುಟಗಳನ್ನು ತರಿಸಿಕೊಳ್ಳುವ ನಿಯಮಾವಳಿಯಾದ ಎಚ್‌ಟಿಟಿಪಿಯನ್ನು ಸಿಕ್ಕಸಿಕ್ಕ ಕೆಲಸಕ್ಕೆಲ್ಲ ಎಳೆದು ಹಿಗ್ಗಿಸುತ್ತಿದ್ದವರಿಗೆ ತೋರಿಸಿದ ಕನ್ನಡಿ ಅದು. ಮುಂದೆ ಅನೇಕ ತಂತ್ರಾಂಶಗಳು ಈ ಸಂಖ್ಯೆಯನ್ನು ನಿಜವಾಗಿಯೂ ಅಳವಡಿಸಿಕೊಂಡವು. 2017ರಲ್ಲಿ ಅದನ್ನು ತೆಗೆಯಬೇಕೆಂಬ ಮಾತು ಬಂದಾಗ ಉಳಿಸಿಕೊಳ್ಳುವ ಅಭಿಯಾನವೇ ನಡೆಯಿತು, 2022ರ ಆರ್‌ಎಫ್‌ಸಿ 9110ರಲ್ಲಿ 418 ಬೇರೆ ಯಾವುದಕ್ಕೂ ಸಿಗದಂತೆ ಕಾದಿರಿಸಲ್ಪಟ್ಟಿತು. ನನ್ನ ಮಟ್ಟಿಗೆ ಇದು ಪಾರಿವಾಳದಷ್ಟು ಆಳವಾದದ್ದಲ್ಲ.

ಹಾಗಾದರೆ ‘ಏಕೆ’ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ಈ ದಾಖಲೆಗಳಲ್ಲಿ ಅಸಂಬದ್ಧವಾದದ್ದು ಒಂದೇ ಒಂದು, ಅದು ಮೊದಲ ಊಹೆ. ಆ ಊಹೆಯನ್ನು ಒಪ್ಪಿದ ಮೇಲೆ ಉಳಿದ ಪ್ರತಿ ಸಾಲೂ ನಿಜವಾದ ದಾಖಲೆಯಷ್ಟೇ ಕಟ್ಟುನಿಟ್ಟಾಗಿ ನಡೆಯುತ್ತದೆ. ಎಲ್ಲ ಮಾಧ್ಯಮಗಳ ಮೇಲೂ ನಡೆಯುತ್ತದೆಂದು ಹೇಳಿಕೊಳ್ಳುವ ವಿನ್ಯಾಸವನ್ನು ಪರೀಕ್ಷಿಸಲು, ಯಾರೂ ಊಹಿಸದ ಮಾಧ್ಯಮದ ಮೇಲೆ ಅದನ್ನು ಇಟ್ಟು ನೋಡುವುದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಆ ದಾರಿ ನಮ್ಮ ಊರಿನ ಹತ್ತಿರವೂ ಹಾದುಹೋಗಿದೆ. 2000ದ ದಶಕದ ಮೊದಲ ವರ್ಷಗಳಲ್ಲಿ, ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ದೊಡ್ಡಬಳ್ಳಾಪುರದಲ್ಲಿ, ಭೂಮಿ ಯೋಜನೆಯ ಪಹಣಿ ದಾಖಲೆಗಳನ್ನು ಹಳ್ಳಿಗಳಿಗೆ ತಲುಪಿಸಲು ‘ಡಾಕ್‌ನೆಟ್’ ಎಂಬ ವ್ಯವಸ್ಥೆಯನ್ನು ಪ್ರಯೋಗಿಸಿದರು. ಹಳ್ಳಿಯ ಕೇಂದ್ರದಲ್ಲಿ ಒಂದು ಕಂಪ್ಯೂಟರ್, ತಾಲ್ಲೂಕು ಕೇಂದ್ರದಲ್ಲಿ ಸರ್ವರ್, ನಡುವೆ ತಂತಿಯ ಬದಲು ದಿನವೂ ಓಡಾಡುವ ಸರ್ಕಾರಿ ಬಸ್. ಬಸ್ಸಿನಲ್ಲಿ ವೈಫೈ ಉಪಕರಣ ಮತ್ತು ಡೇಟಾ ಹಿಡಿದಿಡುವ ಸಾಧನ. ಬಸ್ಸು ಹಳ್ಳಿಯ ಕೇಂದ್ರದ ಮುಂದೆ ಬಂದಾಗ ಕಂಪ್ಯೂಟರ್ ಅದಕ್ಕೆ ಅರ್ಜಿಗಳನ್ನು ಒಪ್ಪಿಸಿ, ಬಂದಿದ್ದ ಉತ್ತರಗಳನ್ನು ಇಳಿಸಿಕೊಳ್ಳುತ್ತಿತ್ತು. ಪಾರಿವಾಳದ ಮೇಲೆ ಪಿಂಗ್ ನಡೆದಂತೆ ಈ ಬಸ್ಸಿನ ಮೇಲೆ ಸಾಮಾನ್ಯ ವೆಬ್ ಸಂಪರ್ಕ ನಡೆಯುವುದಿಲ್ಲ, ಏಕೆಂದರೆ ಐಪಿಯ ಮೇಲಿನ ಪದರವಾದ ಟಿಸಿಪಿ ಸಂಪರ್ಕ ಕೂಡಿಸುವ ಮೊದಲೇ ಉತ್ತರ ಬರಲಿಲ್ಲವೆಂದು ಕೆಲವು ನಿಮಿಷಗಳಲ್ಲಿ ಕೈಚೆಲ್ಲುತ್ತದೆ. ಆದ್ದರಿಂದ ಅಲ್ಲಿ ಅರ್ಜಿಯನ್ನು ಪೂರ್ತಿಯಾಗಿ ಹಳ್ಳಿಯ ಕಂಪ್ಯೂಟರಿನಲ್ಲಿಯೇ ಕೂಡಿಟ್ಟು, ಇಡಿಯಾಗಿ ಬಸ್ಸಿಗೆ ಹತ್ತಿಸಿ, ಪಹಣಿಗಾಗಿ ಮತ್ತೊಂದು ಬಸ್ಸು ಬರುವವರೆಗೆ ಕಾಯುವಂತೆ ಮಾಡಿದ್ದರು.