ಔಟ್‌ಡೋರ್ ಯೂನಿಟ್ಟಿನ ಬಿಸಿಯಲ್ಲಿ ಬೆಳಗಿನ ಸ್ನಾನ

ಮಂಗಳೂರಿನಲ್ಲಿ ಅಕ್ಕನ ಮನೆ. ಜೂನ್ ಮೊದಲ ವಾರ. ಮಳೆ ಹಿಡಿದಿತ್ತು, ಸೆಕೆ ಬಿಟ್ಟಿರಲಿಲ್ಲ. ಬಾಲ್ಕನಿಯಲ್ಲಿ ಏಸಿಯ ಔಟ್‌ಡೋರ್ ಯೂನಿಟ್ಟಿಗೆ ಮೂರಡಿ ದೂರದಲ್ಲಿ ಹಗ್ಗ ಕಟ್ಟಿ, ಮಗನ ಯೂನಿಫಾರಂ ಒಣಗಲು ಹಾಕಿದ್ದಳು. "ರಾತ್ರಿ ಹಾಕಿದ್ರೆ ಬೆಳಿಗ್ಗೆಗೆ ಒಣಗ್ತದೆ ಮಾರಾಯ. ಇಲ್ಲದಿದ್ರೆ ಈ ಮಳೆಯಲ್ಲಿ ಮೂರು ದಿನ ಬೇಕು" ಅಂದಳು.

ನಾನು ಆ ಗಾಳಿಗೆ ಕೈ ಒಡ್ಡಿದೆ. ಒಲೆಯ ಬಾಯಿಗೆ ಹಿಡಿದ ಹಾಗೆ ಬೆಚ್ಚಗೆ ಬಡಿಯಿತು. ಅಲ್ಲಿಂದ ಎರಡು ಮೊಳ ದೂರದಲ್ಲೇ ಬಚ್ಚಲುಮನೆಯ ಕಿಟಕಿ. ಒಳಗೆ ಗೀಸರಿನ ಕೆಂಪು ದೀಪ ಉರಿಯುತ್ತಿತ್ತು. ಗೋಡೆಯ ಈಚೆ ಕರೆಂಟು ಖರ್ಚು ಮಾಡಿ ಬಿಸಿಯನ್ನು ಹೊರಗೆ ಊದುತ್ತಿದ್ದೇವೆ. ಆಚೆ ಕರೆಂಟು ಖರ್ಚು ಮಾಡಿ ನೀರು ಬಿಸಿ ಮಾಡುತ್ತಿದ್ದೇವೆ. ಎರಡಕ್ಕೂ ಒಂದೇ ಮೀಟರು. ಅವತ್ತಿನಿಂದ ಈ ಗೋಡೆ ನನ್ನ ತಲೆಯಿಂದ ಹೋಗಿಲ್ಲ.

ಏಸಿ ಒಳಗೆ ತಂಪು ತಯಾರಾಗುವುದಿಲ್ಲ. ಕೋಣೆಯಲ್ಲಿರುವ ಶಾಖವನ್ನು ಸೇದಿ ಹೊರಗೆ ಸುರಿಯುವುದಷ್ಟೇ ಅದರ ಕೆಲಸ. ಬಾವಿಯಿಂದ ನೀರು ಸೇದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರು ಎಷ್ಟು ಆಳದಲ್ಲಿದೆಯೋ ಅಷ್ಟು ರಟ್ಟೆ ನೋವು. ಏಸಿಯ ಬಾವಿಯಲ್ಲಿ ಕೋಣೆಯ 24 ಡಿಗ್ರಿ ನೀರಿನ ಮಟ್ಟ. ಹೊರಗೆ ಬಿಸಿ ಬಿಟ್ಟುಕೊಡುವ ಕೊಳವೆ ಸುರುಳಿ, ಅಂದರೆ ಕಂಡೆನ್ಸರಿನ 45–50 ಡಿಗ್ರಿ ಬಾವಿಯ ಕಟ್ಟೆ. ಸೇದುವ ಕೈ ಕಂಪ್ರೆಸರಿನದು. ಕಟ್ಟೆ ತಗ್ಗಿದಷ್ಟೂ ಕರೆಂಟು ಉಳಿಯುತ್ತದೆ. ಔಟ್‌ಡೋರ್ ಯೂನಿಟ್ಟನ್ನು ಚಂದ ಕಾಣಲೆಂದು ನಾಲ್ಕೂ ಕಡೆ ಮುಚ್ಚಿದರೆ ಊದಿದ ಬಿಸಿಯೇ ತಿರುಗಿ ಒಳಗೆ ಬರುತ್ತದೆ, ಕಟ್ಟೆ ಇನ್ನಷ್ಟು ಏರುತ್ತದೆ. ನಾನು ಮೊದಲಿದ್ದ ಬಾಡಿಗೆ ಮನೆಯಲ್ಲಿ ಹಾಗೇ ಮುಚ್ಚಿದ್ದರು. ಬೇಸಿಗೆಯ ಮಧ್ಯಾಹ್ನ ಏಸಿ ಸುಮ್ನೆ ಗುರುಗುಟ್ಟುತ್ತಿತ್ತು, ಕೋಣೆ ತಣ್ಣಗಾಗುತ್ತಿರಲಿಲ್ಲ.

ಹೊರಗೆ ಹೋಗುವ ಶಾಖ ಎಷ್ಟು? ಏಸಿಯ ಲೆಕ್ಕದಲ್ಲಿ ಒಂದು ಟನ್ ಅಂದರೆ 907 ಕಿಲೋ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರುವಷ್ಟು ಶಾಖ, ಸುಮಾರು 3.5 ಕಿಲೋವ್ಯಾಟ್. ಒಂದೂವರೆ ಟನ್ನಿನ ಏಸಿ ಪೂರ್ತಿ ಓಡಿದಾಗ ಕೋಣೆಯಿಂದ 5.2 ಕಿಲೋವ್ಯಾಟ್ ಎಳೆಯುತ್ತದೆ. ಅದಕ್ಕೆ ತಿನ್ನುವ ಕರೆಂಟು ಸುಮಾರು 1.5 ಕಿಲೋವ್ಯಾಟ್. ಅದೂ ಕೊನೆಗೆ ಶಾಖವೇ ಆಗುತ್ತದೆ. ಒಟ್ಟು 6.7 ಕಿಲೋವ್ಯಾಟ್ ಹೊರಗೆ. ಮನೆಯ ಗೀಸರು ಸಾಮಾನ್ಯವಾಗಿ 2 ಕಿಲೋವ್ಯಾಟಿನದು ಅಲ್ವಾ? ಅಂದರೆ ಮೂರು ಗೀಸರಿನಷ್ಟು ಬಿಸಿ ಗಾಳಿಪಾಲು.

ರಾತ್ರಿ ಇನ್ವರ್ಟರ್ ಏಸಿ ಅಷ್ಟು ಜೋರಾಗಿ ಓಡುವುದಿಲ್ಲ. ಸರಾಸರಿ 2.5 ಕಿಲೋವ್ಯಾಟ್ ಹೊರಗೆ ಹಾಕುತ್ತದೆ ಅಂತ ಇಟ್ಟುಕೊಂಡರೂ ಎಂಟು ಗಂಟೆಗೆ 20 ಯೂನಿಟ್ ಶಾಖ. ಈಗ ಅಕ್ಕನ ಮನೆಯ ನಾಲ್ಕು ಜನರ ಸ್ನಾನ. ತಲಾ ಎರಡು ಬಕೆಟ್, ಒಟ್ಟು 160 ಲೀಟರ್. ಟ್ಯಾಂಕಿನ ನೀರು 28 ಡಿಗ್ರಿ, ಮೈಗೆ ಬೇಕಾದ್ದು 40. ಬೇಕಾಗುವ ಶಾಖ ಎರಡೂಕಾಲು ಯೂನಿಟ್. ಇಪ್ಪತ್ತರಲ್ಲಿ ಎರಡೂಕಾಲು! ಈ ಲೆಕ್ಕವನ್ನು ಎರಡು ಸಲ ಮಾಡಿ ನೋಡಿದೆ.

ಇದನ್ನು ಹಿಡಿಯುವ ಉಪಕರಣದ ಹೆಸರು ಡಿಸೂಪರ್‌ಹೀಟರ್. ಏಸಿಯೊಳಗೆ ಶಾಖ ಹೊತ್ತು ತಿರುಗುವುದು ಗ್ಯಾಸು. ಕಂಪ್ರೆಸರಿನಿಂದ ಆಗಷ್ಟೇ ಹೊರಬಿದ್ದಾಗ ಅದು 70 ಡಿಗ್ರಿಗೂ ಜಾಸ್ತಿ ಕಾದಿರುತ್ತದೆ. ಆ ತಾಮ್ರದ ಕೊಳವೆಯನ್ನು ಬರಿಗೈಲಿ ಮುಟ್ಟಲಾಗದು. ಗ್ಯಾಸು ಅಲ್ಲಿಂದ ಕಂಡೆನ್ಸರಿಗೆ ಹೋಗುವ ದಾರಿಯಲ್ಲಿ, ಮಗ್ಗುಲಲ್ಲೇ ನೀರು ಹರಿಯುವ ಇನ್ನೊಂದು ಕೊಳವೆ ಜೋಡಿಸುತ್ತಾರೆ. ಗ್ಯಾಸು ನೀರಿಗೆ ಒಂದಿಷ್ಟು ಬಿಸಿ ಕೊಟ್ಟು ಮುಂದೆ ಹೋಗುತ್ತದೆ. ಒಟ್ಟು ಶಾಖದಲ್ಲಿ ಹೀಗೆ ಸಿಗುವುದು ನೂರಕ್ಕೆ ಹತ್ತು–ಇಪ್ಪತ್ತು ಪಾಲು. ನಮ್ಮ ಸ್ನಾನಕ್ಕೆ ಅಷ್ಟೇ ಬೇಕಾಗಿರುವುದು. ನಡುವೆ ಎರಡು ಪದರದ ಗೋಡೆ ಇರಲೇಬೇಕು. ಒಂದು ತೂತಾದರೂ ಗ್ಯಾಸು, ಕಂಪ್ರೆಸರಿನ ಎಣ್ಣೆ ನೀರಿಗೆ ಸೇರಬಾರದು.

ಏಸಿಗೆ ಇದರಿಂದ ಲಾಭವೇ? ಹೌದು, ನೀರು ತಣ್ಣಗಿರುವ ತನಕ. 28 ಡಿಗ್ರಿಯ ನೀರು ಬಿಸಿ ಹೀರಿಕೊಂಡರೆ ಕಂಡೆನ್ಸರಿನ ಹೊರೆ ಇಳಿಯುತ್ತದೆ, ಬಾವಿಯ ಕಟ್ಟೆ ತಗ್ಗುತ್ತದೆ. ಟ್ಯಾಂಕಿನ ನೀರು 50 ದಾಟಿದ ಮೇಲೆ ಆ ಉಪಕಾರ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಹಾಗಾಗಿ ಏಸಿಯಿಂದ ಕುದಿಯುವ ನೀರು ಬಯಸಬಾರದು. 40–45ಕ್ಕೆ ತಂದು, ಆ ನೀರನ್ನೇ ಗೀಸರಿಗೆ ಬಿಡುವುದು ನನಗೆ ಸರಿ ಕಂಡ ದಾರಿ. ಗೀಸರು ಆಗಾಗ ಅದನ್ನು 60ಕ್ಕೆ ಏರಿಸಲಿ. ಉಗುರುಬೆಚ್ಚಗೆ ದಿನಗಟ್ಟಲೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಶ್ವಾಸಕೋಶಕ್ಕೆ ಕಂಟಕ.

ಈ ಏರ್ಪಾಡು ಎಲ್ಲ ಊರಿಗೂ ಹೊಂದುವುದಿಲ್ಲ. ಕಲಬುರಗಿಯಲ್ಲಿ ಮೇ ತಿಂಗಳ ನಲ್ಲಿ ತಿರುಗಿಸಿದರೆ ಬಿಸಿನೀರೇ ಬರುತ್ತದೆ, ಅಲ್ಲಿ ಏಸಿಯ ಬಿಸಿ ಯಾರಿಗೆ ಬೇಕು? ಬೆಂಗಳೂರಿನಲ್ಲಿ ಬಿಸಿನೀರು ತುಂಬಾ ಬೇಕಾಗುವ ಡಿಸೆಂಬರಿನಲ್ಲಿ ಏಸಿಯೇ ಓಡುವುದಿಲ್ಲ. ಕರಾವಳಿಯಲ್ಲಿ ಎರಡೂ ಕೂಡಿ ಬರುತ್ತವೆ. ಸೆಕೆ ವರ್ಷದ ಬಹುಪಾಲು ಇರುತ್ತದೆ. ಎಷ್ಟು ಸೆಕೆಯಿದ್ದರೂ ಬಿಸಿನೀರಿನ ಸ್ನಾನ ಬಿಡದ ಮನೆಗಳು ಅಲ್ಲಿ ಬೇಕಾದಷ್ಟು. ಅಜ್ಜಿಯ ಮನೆಯಲ್ಲಿ ಮಡಲು, ಅಡಿಕೆ ಸಿಪ್ಪೆ ಉರಿಸಿ ಹಂಡೆ ಕಾಯಿಸುತ್ತಿದ್ದರು. ತೋಟದಲ್ಲಿ ಬಿದ್ದದ್ದೇ ಸೌದೆ. ನೀರಿನ ಗುಣವೂ ಕರಾವಳಿಯ ಪರವಾಗಿದೆ. ಮುರಕಲ್ಲಿನ ಬಾವಿಯ ನೀರು ಸಾಮಾನ್ಯವಾಗಿ ಮೆದು. ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಬಿಸಿ ಕೊಳವೆಯೊಳಗೆ ಬಿಳಿ ಹೆಕ್ಕಳೆ ಕಟ್ಟಿ, ಸ್ವಲ್ಪ ಸಮಯದಲ್ಲೇ ಶಾಖ ದಾಟದಂತೆ ಮಾಡಿಬಿಡುತ್ತದೆ.

ಹಾಲಿನ ಸಂಗ್ರಹಕ್ಕೆ ಇದು ಇನ್ನೂ ಚೆನ್ನಾಗಿ ಒಗ್ಗುತ್ತದೆ. ಕರೆದ ಹಾಲು ಮೈಬಿಸಿಯಲ್ಲಿ ಬರುತ್ತದೆ, ಅದನ್ನು 4 ಡಿಗ್ರಿಗೆ ಇಳಿಸಬೇಕು. ಹಾಲು ಬಿಟ್ಟ ಬಿಸಿಯಲ್ಲೇ ಕ್ಯಾನು, ಟ್ಯಾಂಕು ತೊಳೆಯುವ ನೀರು ಕಾಯುತ್ತದೆ. ಬಿಸಿ ಸಿಗುವ ಹೊತ್ತು, ಬಿಸಿ ಬೇಕಾದ ಹೊತ್ತು ಎರಡೂ ಒಂದೇ. ಮನೆಯಲ್ಲಿ ಹಾಗಲ್ಲ. ಏಸಿ ರಾತ್ರಿಯದು, ಸ್ನಾನ ಬೆಳಗಿನದು. ನಡುವಿನ ಗಂಟೆಗಳನ್ನು ಕಾಯಲು ಚೆನ್ನಾಗಿ ಹೊದಿಸಿದ ಟ್ಯಾಂಕು ಬೇಕು.

ವಿಂಡೋ ಏಸಿ ಇನ್ನೊಂದು ಉಪಾಯ ಬಲ್ಲದು. ಕೋಣೆಯ ತೇವದಿಂದ ಇಳಿದ ತಣ್ಣೀರು ತಳದ ತಟ್ಟೆಯಲ್ಲಿ ನಿಲ್ಲುತ್ತದೆ. ಹಲವು ಮಾಡೆಲ್‌ಗಳಲ್ಲಿ ಹಿಂದಿನ ಫ್ಯಾನಿನ ಅಂಚಿನ ಬಳೆ ಆ ನೀರನ್ನು ಎತ್ತಿ ಬಿಸಿ ಕಂಡೆನ್ಸರಿನ ಮೇಲೆ ಎರಚುತ್ತದೆ. ಚಳಚಳ ಸದ್ದು ಕೇಳಿ ಕೆಟ್ಟಿತೆಂದು ಮೆಕ್ಯಾನಿಕ್‌ಗೆ ಫೋನ್ ಮಾಡುವವರಿದ್ದಾರೆ. ಕೆಟ್ಟಿಲ್ಲ. ಆ ನೀರು ಆವಿಯಾಗುತ್ತಾ ಬಿಸಿ ಕೊಂಡೊಯ್ಯುತ್ತಿದೆ.

ಮನೆಯೊಂದರ ಬಿಸಿ ಊರಿನ ಬಿಸಿಯೂ ಹೌದು. ಅಮೆರಿಕದ ಫೀನಿಕ್ಸ್ ನಗರದ ಬಗ್ಗೆ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿದರು. ಏಸಿಗಳು ಊದುವ ಬಿಸಿಯಿಂದಲೇ ಕೆಲವು ಬಡಾವಣೆಗಳ ರಾತ್ರಿ ತಾಪಮಾನ 1 ಡಿಗ್ರಿಗಿಂತ ಜಾಸ್ತಿ ಏರಿತ್ತು. ಊರು ಬಿಸಿಯಾದಷ್ಟೂ ಎಲ್ಲರ ಏಸಿಯ ಬಾವಿಯೂ ಆಳವಾಗುತ್ತದೆ.

ಅಕ್ಕನ ಮನೆಯ ಈಗಿನ ಏಸಿಗೆ ಡಿಸೂಪರ್‌ಹೀಟರ್ ಹಾಕಿಸುವುದು ಬೇಡ ಎಂದೆ. ಕೊಳವೆ ಕತ್ತರಿಸಬೇಕು, ಬೆಸುಗೆ ಹಾಕಬೇಕು, ಗ್ಯಾಸು ಮತ್ತೆ ತುಂಬಬೇಕು. ಈಗಿನ ಆರ್-32 ಗ್ಯಾಸು ಸ್ವಲ್ಪ ಉರಿಯುವ ಗುಣದ್ದು, ಪಳಗಿದ ಕೈಯೇ ಬೇಕು. ವಾರಂಟಿಯೂ ಹೋಗಬಹುದು. ಆದರೆ ಭಾವ ಮಹಡಿ ಕಟ್ಟಿಸುತ್ತಿದ್ದಾರೆ, ಮೇಲಿನ ಎರಡು ಕೋಣೆಗೂ ಏಸಿ ಬರುತ್ತದೆ. ಬಚ್ಚಲುಮನೆ ಗೋಡೆಯಲ್ಲಿ ಎರಡು ಪೈಪು ಹಾಯುವಷ್ಟು ತೂತು ಬಿಡಿ ಎಂದು ಅಕ್ಕ ಮೇಸ್ತ್ರಿಗೆ ಹೇಳಿಟ್ಟಿದ್ದಾಳೆ. ಅವರು ಯಾಕೆಂದು ಕೇಳಿದರಂತೆ. "ಹಂಡೆ ಉಂಟು ಹೊರಗೆ" ಅಂದಳಂತೆ.