ಫಾರ್ಮ್‌ನ ಪೆಟ್ಟಿಗೆಗೆ ಹೆಸರು ಎಲ್ಲಿಂದ ಬರುತ್ತದೆ? ಯೂಸಬಿಲಿಟಿ ಪರೀಕ್ಷಕರಿಗೆ ಆಕ್ಸೆಸಿಬಿಲಿಟಿ ಟಿಪ್ಪಣಿ

ಅಳತೆಗೆ ಸಿಗುವ ನಿಯಮಗಳು ಬೇಗ ತಲೆಗೆ ಹತ್ತುತ್ತವೆ. ವೆಬ್ ಪುಟ ಎಲ್ಲರಿಗೂ ಬಳಸಲು ಬರುವಂತೆ ಮಾಡುವ ಮಾರ್ಗಸೂಚಿ ಡಬ್ಲ್ಯೂಸಿಎಜಿ 2.2ರ (2023) ಎಎ ಮಟ್ಟಕ್ಕೆ ಸಾಮಾನ್ಯ ಅಕ್ಷರದ ಕಾಂಟ್ರಾಸ್ಟ್ (ಅಕ್ಷರ, ಹಿನ್ನೆಲೆಗಳ ಹೊಳಪಿನ ಅಂತರ) ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1. ಬಟನ್ ಕನಿಷ್ಠ 24×24 ಸಿಎಸ್‌ಎಸ್ ಪಿಕ್ಸೆಲ್ ಇರಬೇಕು. ಸುತ್ತ ಸಾಕಷ್ಟು ಜಾಗವಿದ್ದರೆ ವಿನಾಯಿತಿ ಉಂಟು. ಟೂಲ್ ಹಾಕಿ ನೋಡಿದರೆ ಮುಗಿಯಿತು.

ಕಷ್ಟ ಕೊಡುವುದು ಹೆಸರು, ಅಂದರೆ ಪೆಟ್ಟಿಗೆಗೆ ಬಂದಾಗ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಹೇಳುವ ಹೆಸರು. ‘ಮೊಬೈಲ್ ಸಂಖ್ಯೆ’ ಎಂದು ಬರೆದು ಕೆಳಗೊಂದು ಪೆಟ್ಟಿಗೆ ಇಟ್ಟರೆ ನಮ್ಮ ಕಣ್ಣು ಎರಡನ್ನೂ ತಾನೇ ಜೋಡಿಸಿಕೊಳ್ಳುತ್ತದೆ. ಕೋಡ್‌ನಲ್ಲಿ ನಂಟಿಲ್ಲದಿದ್ದರೆ, ಟ್ಯಾಬ್ ಒತ್ತಿ ಅಲ್ಲಿಗೆ ಬಂದಾಗ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹೇಳುವುದು ಬರೀ ‘ಎಡಿಟ್, ಬ್ಲ್ಯಾಂಕ್’ (ತುಂಬುವ ಪೆಟ್ಟಿಗೆ, ಖಾಲಿ).

ಬ್ರೌಸರ್ ಹೆಸರು ಹುಡುಕುವ ಸರದಿ ಹೀಗಿದೆ: ಮೊದಲು ಏರಿಯಾ-ಲೇಬಲ್ಡ್‌ಬೈ (ಪುಟದ ಬೇರೊಂದು ಬರಹವನ್ನು ಹೆಸರಾಗಿ ತೋರಿಸುವ ಕೋಡ್), ಆಮೇಲೆ ಏರಿಯಾ-ಲೇಬಲ್ (ಕೋಡ್‌ನಲ್ಲೇ ಬರೆದ, ಕಣ್ಣಿಗೆ ಕಾಣದ ಹೆಸರು), ನಂತರ ಲೇಬಲ್ ಟ್ಯಾಗ್, ಅದೂ ಇಲ್ಲದಿದ್ದರೆ ಟೈಟಲ್ (ಮೌಸ್ ಇಟ್ಟಾಗ ಕಾಣುವ ಸುಳಿವು), ಕೊನೆಗೆ ಪ್ಲೇಸ್‌ಹೋಲ್ಡರ್ (ಖಾಲಿ ಪೆಟ್ಟಿಗೆಯೊಳಗಿನ ಮಸುಕು ಬರಹ). ಮೇಲಿನದು ಸಿಕ್ಕರೆ ಕೆಳಗಿನದನ್ನು ಹೆಸರಿಗೆ ಬಳಸುವುದಿಲ್ಲ. ಎಡವುವುದು ಇಲ್ಲೇ. ಮೇಲಿನ ಯಾವುದೂ ಇಲ್ಲದೆ ಪ್ಲೇಸ್‌ಹೋಲ್ಡರ್‌ನಲ್ಲಿ ‘10 ಅಂಕಿ’ ಎಂದಷ್ಟೇ ಇದ್ದರೆ ಪೆಟ್ಟಿಗೆಯ ಹೆಸರೇ ‘10 ಅಂಕಿ’ ಆಗಿಬಿಡುತ್ತದೆ. ಹೆಸರು ಇದೆಯೋ ಇಲ್ಲವೋ ಎಂದಷ್ಟೇ ನೋಡುವ ಟೂಲ್ ತೆಪ್ಪಗಿರುತ್ತದೆ. ಯಾವುದರ ಹತ್ತು ಅಂಕಿ ಎಂಬುದು ಮಾತ್ರ ಕೇಳುವವರಿಗೆ ತಿಳಿಯುವುದಿಲ್ಲ.

ಸ್ಕ್ರೀನ್ ರೀಡರ್ ಇಲ್ಲದೆಯೂ ಪರೀಕ್ಷಿಸುವ ಉಪಾಯ ಒಂದಿದೆ, ಎಲ್ಲ ಫಾರ್ಮ್‌ಗೂ ಮೊದಲು ಇದನ್ನೇ ಮಾಡಿ: ಪೆಟ್ಟಿಗೆಯನ್ನಲ್ಲ, ಅದರ ಮೇಲಿನ ಬರಹವನ್ನು ಕ್ಲಿಕ್ ಮಾಡಿ. ಕರ್ಸರ್ ಪೆಟ್ಟಿಗೆಯೊಳಗೆ ಹಾರಿದರೆ ನಂಟು ಇದೆ. ಹಾರದಿದ್ದರೆ ಲೇಬಲ್‌ನ ‘ಫಾರ್’ ಮತ್ತು ಇನ್‌ಪುಟ್‌ನ ‘ಐಡಿ’ ಒಂದೇ ಇದೆಯೇ ನೋಡಿ. ಏರಿಯಾ-ಲೇಬಲ್ಡ್‌ಬೈ ಬಳಸಿದ್ದರೆ ನಂಟಿದ್ದರೂ ಕರ್ಸರ್ ಹಾರುವುದಿಲ್ಲ, ಅಲ್ಲಿ ಕೋಡ್ ನೋಡಲೇಬೇಕು. ‘ಕಾಯಂ ವಿಳಾಸ’ದ ಭಾಗವನ್ನು ನಕಲಿಸಿ ‘ಅಂಚೆ ವಿಳಾಸ’ ಮಾಡಿದಾಗ ಎರಡೂ ಪಿನ್‌ಕೋಡ್ ಪೆಟ್ಟಿಗೆಗೆ ಒಂದೇ ಐಡಿ ಉಳಿದುಬಿಡುತ್ತದೆ. ಕೆಳಗಿನ ‘ಪಿನ್‌ಕೋಡ್’ ಒತ್ತಿದರೆ ಕರ್ಸರ್ ಮೇಲಿನ ಪೆಟ್ಟಿಗೆಗೆ ಹೋಗುತ್ತದೆ!

ಬಟನ್ ಮೇಲೆ ‘ಕಂಟಿನ್ಯೂ’ ಎಂದಿದ್ದು ಏರಿಯಾ-ಲೇಬಲ್‌ನಲ್ಲಿ ‘ಸಬ್‌ಮಿಟ್’ ಎಂದಿದ್ದರೆ, ಮಾತಿನಿಂದ ಫೋನ್ ನಡೆಸುವವರು ಕಂಡದ್ದನ್ನು ಹೇಳಿದರೂ ಬಟನ್ ಒತ್ತಿಕೊಳ್ಳದೆ ಹೋಗಬಹುದು. ಕಾಣುವ ಬರಹ ಹೆಸರಿನಲ್ಲೂ ಇರಬೇಕೆಂಬುದು ಡಬ್ಲ್ಯೂಸಿಎಜಿಯ 2.5.3ನೇ ನಿಯಮ.

ಕನ್ನಡ ಪುಟದ ‘ಲ್ಯಾಂಗ್’ (ಪುಟದ ಭಾಷೆ ತಿಳಿಸುವ ಕೋಡ್) ಕೂಡ ನೋಡಿ. ಟೆಂಪ್ಲೇಟ್‌ನಿಂದ ಬಂದ ‘ಇಎನ್’ ಹಾಗೇ ಉಳಿದಿದ್ದರೆ ಇಂಗ್ಲಿಷ್ ದನಿ ಕನ್ನಡ ಓದಲು ಹೊರಟು ಅಕ್ಷರ ನುಂಗಬಹುದು. ‘ಕೆಎನ್’ ಇರಬೇಕು.

ಅಂಧ ಬಳಕೆದಾರರೊಂದಿಗೆ ಕೂತಾಗ ‘ಯೋಚಿಸುತ್ತಾ ಮಾತಾಡಿ’ ಎನ್ನಬೇಡಿ. ಅವರ ಮಾತು, ಯಂತ್ರದ ಮಾತು ಒಂದರ ಮೇಲೊಂದು ಬೀಳುತ್ತವೆ. ಒಂದೊಂದು ಕೆಲಸ ಮುಗಿದ ಮೇಲೆ ಕೇಳಿ. ಅವರ ಸ್ಕ್ರೀನ್ ರೀಡರ್ ಓದುವ ವೇಗ ನಿಮಗೆ ಹಿಡಿತಕ್ಕೆ ಸಿಗದಿದ್ದರೆ ವೇಗ ತಗ್ಗಿಸಲು ಹೇಳದೆ, ಅವರ ಒಪ್ಪಿಗೆ ಪಡೆದು ಎನ್‌ವಿಡಿಎಯ ಟೂಲ್ಸ್ ಮೆನುವಿನಲ್ಲಿ ಸ್ಪೀಚ್ ವ್ಯೂವರ್ ತೆರೆಯಿರಿ. ಎನ್‌ವಿಡಿಎ ಆಡಿದ್ದೆಲ್ಲ ಸಾಲಾಗಿ ಬರಹದಲ್ಲಿ ಕಾಣುತ್ತದೆ.