ಬೇಸ್ ಗಿಟಾರಿಗೆ ಕ್ಯಾಬಿನೆಟ್: ಟ್ವೀಟರ್ ಇದ್ದ ಮಾತ್ರಕ್ಕೆ ಟ್ರೆಬಲ್ ಸ್ಪಷ್ಟವಾಗುವುದಿಲ್ಲ

ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಿಗೆ ತಾಲೀಮು ಶುರುವಾಗುವ ಹೊತ್ತಿಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಬೇಸ್ ವಾದಕರು ಕ್ಯಾಬಿನೆಟ್, ಅಂದರೆ ಸ್ಪೀಕರ್ ಪೆಟ್ಟಿಗೆ, ವಿಚಾರಿಸಿಕೊಂಡು ಬರುತ್ತಾರೆ. ಅವರಲ್ಲಿ ಹೆಚ್ಚಿನವರ ದೂರು ಒಂದೇ ಬಗೆಯದು: "ಸದ್ದೇನೋ ಬರುತ್ತೆ ಸಾರ್, ಆದ್ರೆ ಸ್ವರ ಬಿಡಿಸಿ ಕೇಳಲ್ಲ." ಇದಕ್ಕೆ ಅವರೇ ಕಂಡುಕೊಂಡಿರುವ ಪರಿಹಾರವೂ ಒಂದೇ, ಟ್ವೀಟರ್ (ಎತ್ತರದ ದನಿಗೆಂದೇ ಇರುವ ಪುಟ್ಟ ಸ್ಪೀಕರ್) ಇರುವ ಪೆಟ್ಟಿಗೆ. ಈ ಪರಿಹಾರ ಅರ್ಧ ಮಾತ್ರ ಸರಿ.

ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯನ್ನು ಬಿಡಿಯಾಗಿ ಮೀಟಿದರೆ ಸುಮಾರು 41 ಹರ್ಟ್ಜ್ (ಸೆಕೆಂಡಿಗೆ 41 ಕಂಪನ), ಅತಿ ಮೇಲಿನದನ್ನು ಮೀಟಿದರೆ 98 ಹರ್ಟ್ಜ್ ಮೂಲಸ್ವರ ಹೊರಡುತ್ತದೆ. ಬೆರಳು ತಂತಿಗೆ ತಾಗುವ ಸದ್ದು, ತಂತಿ ಫ್ರೆಟ್‌ಗೆ ಬಡಿಯುವ ಸದ್ದು, ಸ್ಲ್ಯಾಪ್‌ನ (ಹೆಬ್ಬೆರಳಿನಿಂದ ತಂತಿಗೆ ಬಡಿದು ನುಡಿಸುವ ಶೈಲಿಯ) ಚುರುಕು, ಇವೆಲ್ಲ ಇರುವುದು ಆ ಮೂಲಸ್ವರದ ಮೇಲಿನ ಅನುಸ್ವರಗಳಲ್ಲಿ, ಅಂದರೆ ಸರಿಸುಮಾರು 700 ಹರ್ಟ್ಜ್‌ನಿಂದ ನಾಲ್ಕೈದು ಸಾವಿರ ಹರ್ಟ್ಜ್‌ವರೆಗಿನ ವ್ಯಾಪ್ತಿಯಲ್ಲಿ. ಮೈಕ್‌ಸೆಟ್‌ನವರು ಇದನ್ನು ಮಿಡ್ ಎನ್ನುತ್ತಾರೆ, ಬೇಸ್ ವಾದಕರಿಗೆ ಇದೇ ಟ್ರೆಬಲ್. 1969ರಲ್ಲಿ ಆಂಪೆಗ್ ಕಂಪನಿ ತನ್ನ ಎಸ್‌ವಿಟಿ ಆಂಪ್ಲಿಫೈಯರ್‌ಗೆಂದು ತಂದ ಕ್ಯಾಬಿನೆಟ್‌ನಲ್ಲಿ ಹತ್ತು ಇಂಚಿನ ಎಂಟು ಸ್ಪೀಕರ್‌ಗಳಿದ್ದವು, ಟ್ವೀಟರ್ ಇರಲಿಲ್ಲ. ಆದರೂ ರಾಕ್ ಸಂಗೀತದಲ್ಲಿ ಬೇಸ್ ಗಿಟಾರಿನ ಗಡಸು, ಚುರುಕು ದನಿ ಎಂದರೆ ಇಂದಿಗೂ ಜನರಿಗೆ ನೆನಪಾಗುವುದು ಅಂಥ ಪೆಟ್ಟಿಗೆಯದೇ.

ಹಾಗಾದರೆ ಸ್ವರ ಎಲ್ಲಿ ಮಸುಕಾಗುತ್ತದೆ? ನನ್ನ ಅನುಭವದಲ್ಲಿ ಬಹುಪಾಲು ಸಂದರ್ಭಗಳಲ್ಲಿ ಪೆಟ್ಟಿಗೆಯಿಂದ ಸದ್ದು ಸರಿಯಾಗಿಯೇ ಹೊರಡುತ್ತದೆ, ಅದು ಕೇಳುವವರ ಕಿವಿಗೆ ಬರುವುದಿಲ್ಲ. ಧ್ವನಿಯ ತರಂಗದ ಉದ್ದವು ಸ್ಪೀಕರಿನ ಅಗಲದಷ್ಟೇ ಆದಾಗ ಅಥವಾ ಅದಕ್ಕಿಂತ ಕಡಿಮೆಯಾದಾಗ ಸದ್ದು ಸುತ್ತಲೂ ಹರಡದೆ ಟಾರ್ಚ್ ಬೆಳಕಿನಂತೆ ನೇರ ಮುಂದಕ್ಕೆ ಹೋಗುತ್ತದೆ. ಒಂದು ಸಾವಿರ ಹರ್ಟ್ಜ್‌ನ ತರಂಗ ಸುಮಾರು 34 ಸೆಂಟಿಮೀಟರ್ ಉದ್ದವಿದ್ದು, ಹದಿನೈದು ಇಂಚಿನ ಸ್ಪೀಕರ್ 38 ಸೆಂಟಿಮೀಟರ್ ಅಗಲವಿರುವುದರಿಂದ, ನಮಗೆ ಬೇಕಾದ ಸ್ಪಷ್ಟತೆ ಶುರುವಾಗುವ ಜಾಗದಲ್ಲೇ ಅದರ ಸದ್ದು ಕಿರಿದಾಗತೊಡಗುತ್ತದೆ. ಹತ್ತು ಇಂಚಿನದರಲ್ಲಿ ಈ ತೊಂದರೆ ಇನ್ನೂ ಸ್ವಲ್ಪ ಮೇಲೆ ಶುರುವಾಗುತ್ತದೆ. ದೊಡ್ಡ ಸ್ಪೀಕರ್ 'ನಿಧಾನ', ಚಿಕ್ಕದು 'ವೇಗ' ಎಂಬ ಮಾತು ನಮ್ಮ ಕಡೆ ಬಹಳ ಚಾಲ್ತಿಯಲ್ಲಿದೆ; ಅದನ್ನು ನಂಬಬೇಕಾಗಿಲ್ಲ.

ಇಲ್ಲಿಗೆ ಟ್ವೀಟರಿನ ವಿಷಯ ಬರುತ್ತದೆ. ಸಾಮಾನ್ಯ ಕ್ಯಾಬಿನೆಟ್‌ಗಳಲ್ಲಿ ಅದು ಕೆಲಸ ಆರಂಭಿಸುವುದು ಮೂರು ಅಥವಾ ನಾಲ್ಕು ಸಾವಿರ ಹರ್ಟ್ಜ್‌ನ ಮೇಲೆ. ಅದಕ್ಕೂ ಮೊದಲೇ ವೂಫರಿನ (ಕೆಳಗಿನ ದನಿಯ ದೊಡ್ಡ ಸ್ಪೀಕರಿನ) ಸದ್ದು ಕಿರಿದಾಗಿರುವುದರಿಂದ, ಪಕ್ಕದಲ್ಲಿ ನಿಂತವರಿಗೆ ನಡುವಿನ ಭಾಗ ಖಾಲಿಯಾಗಿ, ಮೇಲೊಂದು ಚರಚರ ಸದ್ದು ಮಾತ್ರ ಕೇಳುತ್ತದೆ. ಕಡಿಮೆ ಬೆಲೆಯ ಪೆಟ್ಟಿಗೆಗಳಲ್ಲಿರುವ ಪೀಜೋ (ಕಾಯಿಲ್ ಬದಲು ಸೆರಾಮಿಕ್ ಬಿಲ್ಲೆಯಿಂದ ಸದ್ದು ಮಾಡುವ) ಟ್ವೀಟರ್‌ಗಳಲ್ಲಿ ಈ ದೋಷ ಎದ್ದು ಕಾಣುತ್ತದೆ. ಅಂಗಡಿಯವರು ಒಪ್ಪಿದರೆ ಹಿಂಬದಿಯ ಜ್ಯಾಕ್ ಪ್ಲೇಟಿನ ಸ್ಕ್ರೂಗಳನ್ನು ಬಿಚ್ಚಿಸಿ ಒಳಗೆ ನೋಡಬೇಕು. ತಾಮ್ರದ ತಂತಿ ಸುತ್ತಿದ ಕಾಯಿಲ್, ಕೆಪಾಸಿಟರ್‌ಗಳು, ಟ್ವೀಟರನ್ನು ಕಾಪಾಡಲು ಒಂದು ಪುಟ್ಟ ಬಲ್ಬ್, ಇಷ್ಟಿರುವ ಬೋರ್ಡ್ ಕಂಡರೆ ತಯಾರಕರು ಕ್ರಾಸೋವರ್‌ಗೆ (ಸದ್ದನ್ನು ವೂಫರಿಗೂ ಟ್ವೀಟರಿಗೂ ಹಂಚುವ ಸರ್ಕ್ಯೂಟ್‌ಗೆ) ತಲೆ ಕೆಡಿಸಿಕೊಂಡಿದ್ದಾರೆ ಎಂದರ್ಥ. ಟ್ವೀಟರಿನ ತಂತಿಗೆ ಒಂಟಿ ಕೆಪಾಸಿಟರ್ ಮಾತ್ರ ನೇತಾಡುತ್ತಿದ್ದರೆ ಆ ಪೆಟ್ಟಿಗೆಯಲ್ಲಿ ಟ್ವೀಟರ್ ಇರುವುದು ಹೆಸರಿಗೆ ಅಷ್ಟೇ. ಹಣಕ್ಕೆ ಅಡ್ಡಿಯಿಲ್ಲದವರಿಗೆ ನಾನು ಹೇಳುವುದು, ವೂಫರಿನ ಜೊತೆಗೆ ಐದಾರು ಇಂಚಿನ ಪ್ರತ್ಯೇಕ ಮಿಡ್ ಸ್ಪೀಕರ್ ಇರುವ ಕ್ಯಾಬಿನೆಟ್. ನಡುವಿನ ಆ ಖಾಲಿ ಜಾಗವನ್ನು ಅದು ತುಂಬುತ್ತದೆ.

ಹತ್ತು ಇಂಚಿನ ಎರಡು ಸ್ಪೀಕರ್‌ಗಳಿರುವ ಪೆಟ್ಟಿಗೆಯಾದರೆ ಅದನ್ನು ಸ್ಪೀಕರ್‌ಗಳು ಒಂದರ ಮೇಲೊಂದು ಬರುವಂತೆ ನಿಲ್ಲಿಸಿ. ಅಕ್ಕಪಕ್ಕ ಬರುವಂತೆ ಮಲಗಿಸಿದರೆ ಎರಡರ ಸದ್ದೂ ಬದಿಯಲ್ಲಿ ನಿಂತವರನ್ನು ಬೇರೆ ಬೇರೆ ಸಮಯಕ್ಕೆ ತಲುಪಿ, ಕೆಲವು ಸ್ವರಗಳು ಪರಸ್ಪರ ಕಳೆದುಹೋಗುತ್ತವೆ. ವೇದಿಕೆ ಚಿಕ್ಕದಾಗಿದ್ದು ವಾದಕರು ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ ನಿಂತಿದ್ದರೆ, ನೆಲದ ಮೇಲಿರುವ ಪೆಟ್ಟಿಗೆಯ ಟ್ರೆಬಲ್ ಮೀನಖಂಡಕ್ಕೆ ತಾಗುತ್ತದೆಯೇ ಹೊರತು ಕಿವಿಗಲ್ಲ. ಪೆಟ್ಟಿಗೆಯನ್ನು ಗಟ್ಟಿ ಸ್ಟೂಲಿನ ಮೇಲಿಟ್ಟರೆ ಅಥವಾ ಹಿಂದಕ್ಕೆ ವಾಲಿಸಿದರೆ ಖರ್ಚಿಲ್ಲದೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಪರೀಕ್ಷಿಸುವಾಗ ಗಿಟಾರನ್ನು ಜೊತೆಗಾರರ ಕೈಗೆ ಕೊಟ್ಟು, ನೀವು ಪೆಟ್ಟಿಗೆಯ ಎದುರಿನಿಂದ ನಿಧಾನವಾಗಿ ಪಕ್ಕಕ್ಕೆ ನಡೆಯಿರಿ. ಟ್ವೀಟರ್ ನಾಬನ್ನು ಮೊದಲು ಸೊನ್ನೆಗಿಟ್ಟು, ಆಮೇಲೆ ನಡುವಿಗೆ ತಂದು ಕೇಳಿ. ಸೊನ್ನೆಯಲ್ಲೇ ಸ್ವರಗಳು ಬಿಡಿಬಿಡಿಯಾಗಿ ಕೇಳಿಸಿ, ಪಕ್ಕಕ್ಕೆ ಸರಿದಾಗಲೂ ಸದ್ದಿನ ಗುಣ ಹೆಚ್ಚು ಬದಲಾಗದಿದ್ದರೆ ಆ ಪೆಟ್ಟಿಗೆಯನ್ನು ನಂಬಬಹುದು. ಅಂಗಡಿಗೆ ಹೋಗುವಾಗ ನಿಮ್ಮದೇ ಗಿಟಾರ್ ಒಯ್ಯಿರಿ, ಅದಕ್ಕೆ ಹೊಸ ತಂತಿ ಹಾಕಿರಿ. ಮಲೆನಾಡಿನ ಮಳೆಗಾಲದ ತೇವದಲ್ಲಿ ರೌಂಡ್‌ವೌಂಡ್ (ಮೇಲೆ ದುಂಡನೆಯ ಎಳೆ ಸುತ್ತಿದ) ತಂತಿಗಳು ಬೇಗ ಸತ್ತುಹೋಗುತ್ತವೆ, ಅಂದರೆ ದನಿ ಮಂಕಾಗುತ್ತದೆ. ಸತ್ತ ತಂತಿಯಲ್ಲಿ ಇಲ್ಲದ ಟ್ರೆಬಲ್ಲನ್ನು ಯಾವ ಕ್ಯಾಬಿನೆಟ್ಟೂ ಹುಟ್ಟಿಸಲಾರದು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಪೆಂಡಾಲಿನ ಕಾರ್ಯಕ್ರಮಗಳಲ್ಲಿ ಬೇಸ್ ಗಿಟಾರನ್ನು ಡಿಐ ಬಾಕ್ಸ್ (ಗಿಟಾರಿನ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸುವ ಪುಟ್ಟ ಡಬ್ಬಿ) ಮೂಲಕ ನೇರವಾಗಿ ಮಿಕ್ಸರ್‌ಗೆ ಕೊಡುವುದೇ ಹೆಚ್ಚು. ಆಗ ಜನರಿಗೆ ಕೇಳುವುದು ಮುಖ್ಯವಾಗಿ ಮೈಕ್‌ಸೆಟ್ ಸ್ಪೀಕರಿನ ಸದ್ದು. ನಿಮ್ಮ ಪೆಟ್ಟಿಗೆ ಇರುವುದು ನಿಮಗೆ ಮತ್ತು ಡ್ರಮ್ಮರ್‌ಗೆ.

ಎರಡನೆಯ ಪೆಟ್ಟಿಗೆ ಸೇರಿಸುವ ಯೋಚನೆಯಿದ್ದರೆ ಮೊದಲನೆಯದನ್ನು 8 ಓಮ್‌ನದೇ (ಓಮ್ ಎಂದರೆ ಪೆಟ್ಟಿಗೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ತೆಗೆದುಕೊಳ್ಳುವುದು ಒಳ್ಳೆಯದು. 8 ಓಮ್‌ನ ಎರಡು ಸಮಾನಾಂತರವಾಗಿ ಸೇರಿದಾಗ 4 ಓಮ್ ಆಗುತ್ತದೆ, ಹೆಚ್ಚಿನ ಆಂಪ್ಲಿಫೈಯರ್‌ಗಳು ಅದನ್ನು ತಾಳಿಕೊಳ್ಳುತ್ತವೆ. 4 ಓಮ್‌ನ ಎರಡು ಪೆಟ್ಟಿಗೆ ಸೇರಿ 2 ಓಮ್ ಆದರೆ ಅನೇಕವು ತಾಳಿಕೊಳ್ಳುವುದಿಲ್ಲ.

ಹಳೆಯ ಪೆಟ್ಟಿಗೆ ಕೊಳ್ಳುವವರು ವೂಫರಿನ ಕಾಗದದ ಕೋನಿನ ಅಂಚಿನಲ್ಲಿ ಬೂಷ್ಟು ಹಿಡಿದಿದೆಯೇ, ಜ್ಯಾಕ್‌ನ ಒಳಗೆ ಹಸಿರು ಕಿಲುಬು ಕಟ್ಟಿದೆಯೇ ಎಂಬುದನ್ನು ಮೊದಲು ನೋಡಬೇಕು. ಆಮೇಲೆ ಟ್ವೀಟರ್ ನಾಬನ್ನು ಪೂರ್ತಿ ಏರಿಸಿ ಟ್ವೀಟರಿನ ಹಾರ್ನ್‌ಗೆ (ಅಗಲ ಬಾಯಿಗೆ) ಕಿವಿ ಹತ್ತಿರ ತಂದರೆ ಆಂಪ್ಲಿಫೈಯರಿನ ಸಣ್ಣ ಸುಯ್ ಸದ್ದು ಕೇಳಬೇಕು. ಕೇಳದಿದ್ದರೆ ಸುಟ್ಟಿರುವುದು ಬಲ್ಬೋ ಡಯಾಫ್ರಾಮೋ (ಟ್ವೀಟರಿನೊಳಗೆ ಕಂಪಿಸುವ ತೆಳು ಪದರ) ಎಂದು ತಿಳಿದುಕೊಳ್ಳಬೇಕು. ಡಯಾಫ್ರಾಮ್ ಸುಟ್ಟಿದ್ದರೆ ಆ ಮಾದರಿಗೆ ಬಿಡಿಭಾಗ ಸಿಗುತ್ತದೆ ಎಂದು ಖಾತ್ರಿಯಾದ ಮೇಲಷ್ಟೇ ಬೆಲೆಯ ಮಾತು ಆಡಿ.